ಎದುರುಮನೆಯ ಒಳಗಿದ್ದವರು

ಆ ಊರಿಗೆ ಹೋದ ಹೊಸದರಲ್ಲಿ ಎದುರುಮನೆಯ ಗೌಡರಿಗೆ ಹೆದರಿ ನಾನು ಮೆತ್ತಗೆ ಮಾತಾಡುತ್ತಿದ್ದೆ. ಅವರ ಮುಖ ನೋಡಿರಲಿಲ್ಲ, ನೋಡುವ ಸಂದರ್ಭವೂ ಬಂದಿರಲಿಲ್ಲ. ಅವರ ಮನೆಯ ಬಾಗಿಲ ಹೊರಗೆ, ಜಗಲಿಯ ಪಕ್ಕ, ಒಂದು ಜೊತೆ ಎಕ್ಕಡ ಇರುತ್ತಿತ್ತು. ದಪ್ಪ ಚರ್ಮದ್ದು, ಹೆಬ್ಬೆರಳಿಗೆ ಉಂಗುರ ಇದ್ದದ್ದು, ಎಣ್ಣೆ ಸವರಿ ಸವರಿ ಕರ್ರಗೆ ಮಿರುಗುವಂಥದ್ದು. ಎಕ್ಕಡ ಹೊರಗಿದ್ದರೆ ಯಜಮಾನ ಒಳಗಿದ್ದಾನೆ ಎಂದು ಅರ್ಥ. ಅದನ್ನು ಯಾವ ಹೆಣ್ಣುಮಗಳಿಗೂ ಕೂರಿಸಿಕೊಂಡು ಹೇಳಿಕೊಡಬೇಕಾಗಿಲ್ಲ. ನೀರಿಗೆ ಹೋಗುವಾಗ ಆ ಮನೆಯ ಮುಂದೆ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದೆ, ಕೊಡ ಬಳೆಗೆ ತಾಗಿ ಸದ್ದಾಗದಂತೆ ಹಿಡಿಯುತ್ತಿದ್ದೆ. ಬೀದಿಯ ಮಿಕ್ಕ ಹೆಂಗಸರೂ ಹಾಗೇ ಮಾಡುತ್ತಿದ್ದರು.

ಒಂದು ಮಧ್ಯಾಹ್ನ ನಮ್ಮ ಮನೆಯವರಿಗೆ ಊಟಕ್ಕೆ ಬಡಿಸುತ್ತಾ ಅಂದೆ: "ಎದುರುಮನೆ ಗೌಡರಿಗೆ ಕೆಮ್ಮು ಜಾಸ್ತಿಯಾಗಿದೆ, ಪಾಪ. ಬೆಳಿಗ್ಗೆಯಿಂದ ಒಂದೇ ಸಮ ಕೆಮ್ತಿದ್ರು."

ನಮ್ಮ ಮನೆಯವರು ಅಲ್ಲಿನ ಶಾಲೆಯ ಮೇಷ್ಟ್ರು. ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿ ನನ್ನನ್ನೇ ನೋಡಿದರು.

"ಯಾವ ಗೌಡರು?"

"ಎದುರುಮನೆಯವರು."

"ಆ ಮನೆ ಗೌಡ ಮಿಲಿಟರಿಗೆ ಸೇರಿ ಬರ್ಮಾ ಕಡೆ ಹೋಗಿದಾನೆ ಕಣೇ. ಹೋದವನ ಸುದ್ದಿಯೇ ಇಲ್ಲ. ಆ ಮನೇಲಿ ಇರೋದು ಆಕೆ ಒಬ್ಬಳೇ."

ನಾನು ಸಾರಿನ ಪಾತ್ರೆ ಕೆಳಗಿಟ್ಟು ಕೂತುಬಿಟ್ಟೆ. ಹೊರಗೆ ಚುರುಚುರು ಬಿಸಿಲು. ಕೂತಲ್ಲಿಂದಲೇ ಎದುರುಮನೆಯ ಬಾಗಿಲು ಕಾಣುತ್ತಿತ್ತು. ಎಕ್ಕಡವೂ ಕಾಣುತ್ತಿತ್ತು.

ಇದೆಲ್ಲ ಎಷ್ಟೋ ವರ್ಷದ ಹಿಂದಿನ ಮಾತು. ಹೋದ ವಾರ ಆ ಊರಿನ ಹತ್ತಿರದ ಅನುಗೊಂಡನಹಳ್ಳಿ ಕಡೆಯಿಂದ ಬಂದವರೊಬ್ಬರು ಎದುರುಮನೆಯ ಅಕ್ಕ ತೀರಿಕೊಂಡರೆಂದು ಹೇಳಿದರು. ಮಾತು ಕೇಳಿದೊಡನೆ ನನ್ನ ಕೈ ತಾನಾಗಿ ಸೆರಗಿಗೆ ಹೋಯಿತು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಹೆಸರು ಹಿಡಿದು ನಾನು ಒಮ್ಮೆಯೂ ಕರೆದವಳಲ್ಲ. ನನಗೆ ಅವರು ಅಕ್ಕ. ಅವರಿಗೂ ಬೀದಿಯವರಿಗೂ ನಾನು ಮೇಷ್ಟ್ರಮ್ಮ.

ಅಕ್ಕನಿಗೆ ತಲೆ ಕೆಟ್ಟಿತ್ತು ಎಂದು ಯಾರಾದರೂ ಅಂದುಕೊಂಡರೆ ಅವರು ಅಕ್ಕನನ್ನು ನೋಡಿಲ್ಲ. ಎತ್ತರದ ಆಳು. ಗಂಡಸಿನಂಥ ದೊಡ್ಡ ಅಂಗೈ. ಮಾತಾಡುವ ಮುಂಚೆ ಒಂದು ಸಲ ಮುಂಗೈಯಿಂದ ತುಟಿ ಒರೆಸಿಕೊಳ್ಳುತ್ತಿದ್ದರು, ಮಾತಿಗೆ ಮೊದಲು ಬಾಯಿ ಶುದ್ಧ ಮಾಡಿಕೊಳ್ಳುವ ಹಾಗೆ. ಅವರ ರಾಗಿ ಹೊಲದಲ್ಲಿ ಒಂದು ಕಳೆ ಇರುತ್ತಿರಲಿಲ್ಲ. "ಲೋಕದೋರು ಏನಾರಾ ಅಂದ್ಕೊಳ್ಳಿ ಮೇಷ್ಟ್ರಮ್ಮ, ಕಳೆ ಮಾತ್ರ ನಾವೇ ಕೀಳ್ಬೇಕು" ಎನ್ನುತ್ತಿದ್ದರು. ಹಿತಕವರೆ ಸಾರು ಮಾಡಿದರೆ ಬಟ್ಟಲಲ್ಲಿ ನಮ್ಮ ಮನೆಗೆ ಬರುತ್ತಿತ್ತು. ಮೊದಲ ಹೆರಿಗೆಯಲ್ಲಿ ನನಗೆ ನೋವು ಕಾಣಿಸಿಕೊಂಡಾಗ ಸೂಲಗಿತ್ತಿ ಬರುವವರೆಗೂ ನನ್ನ ಸೊಂಟ ಹಿಡಿದು ಕೂತವರು ಅವರೇ. ಅಂಥ ಕೈ, ಅಂಥ ಬುದ್ಧಿ. ಆದರೆ ಮನೆಗೆ ಹೊರಡುವಾಗ ಅದೇ ದನಿಯಲ್ಲಿ "ಬರ್ತೀನಿ, ಇವರಿಗೆ ಊಟಕ್ಕಿಡ್ಬೇಕು" ಎಂದು ಹೇಳಿ ಎದ್ದು ಹೋಗುತ್ತಿದ್ದರು.

ಗಂಡನ ಹೆಸರು ಹೇಳುವ ಪದ್ಧತಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ದೂರದಲ್ಲಿದ್ದರೆ 'ಅವರು', ಹತ್ತಿರದಲ್ಲಿದ್ದರೆ 'ಇವರು'. ಗೌಡರು ಯುದ್ಧಕ್ಕೆ ಹೋದ ಹೊಸದರಲ್ಲಿ ಅಕ್ಕನೂ 'ಅವರು' ಎನ್ನುತ್ತಿದ್ದರಂತೆ. ನಾನು ಕೇಳಿದ್ದೆಲ್ಲ 'ಇವರು'.

ಇದು ಹೇಗೆ ಶುರುವಾಯಿತು ಎಂದು ನನಗೆ ಹೇಳಿದವರು ನಮ್ಮ ಪಕ್ಕದ ಮನೆಯ ಅಜ್ಜಿ. ಬೀದಿಯಲ್ಲಿ ಎಲ್ಲರಿಗಿಂತ ಹಿರಿಯ ಮುತ್ತೈದೆ. ಅವರೆಕಾಯಿ ಸುಲಿಯುತ್ತಾ ಹೇಳಿದರು, ಎದುರುಮನೆಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ.

"ಸರ್ಕಾರದೋರು ಬಂದು ಗೌಡ ಕಾಣೆಯಾಗವ್ನೆ ಅಂದ್ರು. ಸತ್ತ ಅಂದಿದ್ರೆ ಅತ್ತು ಮುಗಿಸ್ತಿದ್ವಿ. ಬದುಕವ್ನೆ ಅಂದಿದ್ರೆ ದೇವ್ರಿಗೆ ತುಪ್ಪದ ದೀಪ ಹಚ್ತಿದ್ವಿ. ಕಾಣೆ ಅಂದ್ರೆ ಏನವ್ವ ಮಾಡಾದು?"

ಯಾರಿಗೂ ಗೊತ್ತಾಗಲಿಲ್ಲ. ಮುತ್ತೈದೆಗೆ ಒಂದು ರೀತಿ ಇದೆ, ಗಂಡ ಸತ್ತವಳಿಗೆ ಒಂದು ರೀತಿ ಇದೆ. ಇವೆರಡರ ನಡುವೆ ನಿಂತವಳನ್ನು ಹೇಗೆ ನೋಡಬೇಕು, ಯಾವ ಕಡೆ ಕೂರಿಸಬೇಕು ಎನ್ನುವುದಕ್ಕೆ ಆ ಬೀದಿಯಲ್ಲಿ ರೂಢಿ ಇರಲಿಲ್ಲ. ಕೆಲವು ತಿಂಗಳು ಹಾಗೇ ಕಳೆದವು. ಆಮೇಲೆ ಯಾರದೋ ಮನೆಯಲ್ಲಿ ಬಸುರಿಗೆ ಮಡಿಲು ತುಂಬುವ ದಿನ ಬಂತು. ಅರಿಸಿನ ಕುಂಕುಮದ ತಟ್ಟೆ ಹಿಡಿದ ಹುಡುಗಿ ಸಾಲಾಗಿ ಕೂತ ಹೆಂಗಸರಿಗೆ ಇಡುತ್ತಾ ಬಂದವಳು ಅಕ್ಕನ ಮುಂದೆ ನಿಂತುಬಿಟ್ಟಳು.

"ಇಡ್ಬೇಕೋ ಬಿಡ್ಬೇಕೋ ತಿಳೀದೆ ನನ್ ಮುಖ ನೋಡಿದ್ಲು ಕಣವ್ವ. ನಾನು ಕಣ್ಣು ಕೆಳಕ್ ಹಾಕ್ಬಿಟ್ಟೆ. ತಟ್ಟೆ ಮುಂದಕ್ ಹೋಯ್ತು."

ಅಕ್ಕ ಎದ್ದು ಕೈ ತೊಳೆದುಕೊಂಡು ಮನೆಗೆ ಹೋದರಂತೆ. ಮಾರನೆಯ ಬೆಳಿಗ್ಗೆ ಆ ಮನೆಯ ಮುಂದೆ ಸಾರಿಸಿ ರಂಗೋಲಿ ಬಿಟ್ಟಿತ್ತು. ಅಟ್ಟದ ಮೇಲೆ ಸುತ್ತಿಟ್ಟಿದ್ದ ಗಂಡನ ಎಕ್ಕಡ ಎಣ್ಣೆ ಹಚ್ಚಿಸಿಕೊಂಡು ಬಾಗಿಲಿಗೆ ಬಂದಿತ್ತು.

ಅವತ್ತೇ ಅವರ ಭಾವ ಊರಿನ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದರು. ಬಳೆಯ ವಿಷಯ ಏನಾದರೊಂದು ತೀರ್ಮಾನವಾಗಲಿ, ಜನ ಆಡಿಕೊಳ್ಳುವುದು ಬೇಡ ಎಂಬುದು ಅವರ ಮನಸ್ಸು. ಕೆಟ್ಟ ಮನುಷ್ಯ ಅಲ್ಲ. ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವರು. ಆದರೆ ತಮ್ಮನಿಗೆ ಮದುವೆಯಾದ ದಿನದಿಂದ, ಎಕ್ಕಡ ಹೊರಗಿದ್ದಾಗ ಕೆಮ್ಮಿ ಸದ್ದು ಮಾಡದೆ ಆ ಹೊಸ್ತಿಲು ದಾಟಿದವರಲ್ಲ. ಎಕ್ಕಡ ಕಂಡದ್ದೇ ಕಾಲು ನಿಂತಿತು. ಅಭ್ಯಾಸದಂತೆ ಒಂದು ಸಲ ಕೆಮ್ಮಿದರು. ಅಕ್ಕ ಬಾಗಿಲ ಮರೆಗೆ ಬಂದು ನಿಂತರು.

"ಯಾರವ್ರೆ ಒಳಗೆ?"

"ನಿಮ್ ತಮ್ಮ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭಾವ ಹೆಗಲ ಮೇಲಿನ ವಲ್ಲಿ ತೆಗೆದು ಕೈಯಲ್ಲಿ ಹಿಡಿದುಕೊಂಡರಂತೆ. ಆಮೇಲೆ ಕೇಳಿದರು:

"ಎದ್ದಿಲ್ವಾ ಇನ್ನೂ?"

"ಮೈಗೆ ಹುಷಾರಿಲ್ಲ. ಮಲ್ಗವ್ರೆ."

"ಸರಿ. ಎಬ್ಬಿಸ್ಬ್ಯಾಡ. ಆಮ್ಯಾಕ್ ಬರ್ತೀವಿ."

ಅವರು ಮತ್ತೆ ಆ ಮಾತಿಗೆ ಬರಲಿಲ್ಲ. "ಅವ್ನಿಗೂ ತಮ್ಮ ಬೇಕಾಗಿದ್ದ ಕಣವ್ವ" ಎಂದರು ಅಜ್ಜಿ. ಮುಂದಿನ ಹಬ್ಬದಲ್ಲಿ ತಟ್ಟೆ ಬಂದಾಗ ಹುಡುಗಿ ಯಾರ ಮುಖವನ್ನೂ ನೋಡದೆ ಅಕ್ಕನ ಹಣೆಗೆ ಕುಂಕುಮ ಇಟ್ಟಳು.

ನಾನು ಆ ಬೀದಿಗೆ ಬರುವ ಹೊತ್ತಿಗೆ ಇದು ಹಳೆಯ ಮಾತಾಗಿತ್ತು. ಎಕ್ಕಡದ ತುದಿ ಮನೆಯ ಕಡೆ ಇದ್ದರೆ ಗೌಡರು ಒಳಗಿದ್ದಾರೆ, ಬೀದಿಯ ಕಡೆ ತಿರುಗಿದ್ದರೆ ಹೊರಡುವವರಿದ್ದಾರೆ, ಕಾಣದಿದ್ದರೆ ಹೊಲಕ್ಕೆ ಹೋಗಿದ್ದಾರೆ. ಹಜಾಮರವನು ಬಂದರೆ ಆ ಬಾಗಿಲಲ್ಲೂ ನಿಂತು ಕೇಳುತ್ತಿದ್ದ. "ಇವತ್ತು ಬ್ಯಾಡವಂತೆ" ಎಂದು ಅಕ್ಕ ಹೇಳಿದರೆ ಪೆಟ್ಟಿಗೆ ಎತ್ತಿಕೊಂಡು ಮುಂದೆ ಹೋಗುತ್ತಿದ್ದ. ಬಳೆಗಾರ "ಯಜಮಾನ್ರಿಗೆ ಹಸಿರೇ ಇಷ್ಟ ಅಲ್ವಾ ತಾಯಿ" ಎಂದು ಹಸಿರು ಬಳೆಯೇ ತೊಡಿಸುತ್ತಿದ್ದ. ಇವರೆಲ್ಲ ನಾಟಕ ಆಡುತ್ತಿದ್ದಾರೆಯೇ ಎಂದು ನಾನು ಅವರ ಕಣ್ಣು ನೋಡುತ್ತಿದ್ದೆ. ಆಡುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕವರನ್ನು ಊಟ ಆಯಿತೇ ಎಂದು ಕೇಳುವಾಗ ನಾವು ನಾಟಕ ಆಡುತ್ತೇವೆಯೇ? ಅಷ್ಟೇ ಸಲೀಸಾಗಿ ಕೇಳುತ್ತಿದ್ದರು.

ಹೆದರಿಕೆ ಹುಟ್ಟಿಸಿದ್ದು ಮಕ್ಕಳು. ಅವರ ಜಗಲಿಯ ಮುಂದೆ ಚಿನ್ನಿದಾಂಡು ಆಡುತ್ತಿದ್ದ ಒಂದು ಮಗು ಅಳುತ್ತಾ ಓಡಿಬಂತು. ಏನಾಯಿತೋ ಎಂದು ಕೇಳಿದರೆ "ಗೌಡಪ್ಪ ಬೈದ" ಎಂದಿತು. ಅಕ್ಕ ಆಗ ಹೊಲದಲ್ಲಿದ್ದರು, ಬಾಗಿಲಿಗೆ ಚಿಲಕ ಹಾಕಿತ್ತು. ಮಗುವಿನ ತಾಯಿ ಅದರ ಬೆನ್ನಿಗೆ ಗುದ್ದಿ, "ಮತ್ತೆ ಯಾಕ್ ಹೋದೆ ಅಲ್ಲಿಗೆ, ಅವ್ರು ಮಲಗೋ ಹೊತ್ತಲ್ಲಿ?" ಎಂದಳು.

ಒಂದು ಮುಂಗಾರಿನಲ್ಲಿ ನಾನು ಬೆಳಿಗ್ಗೆ ಬಾಗಿಲು ತೆಗೆದಾಗ ಆ ಎಕ್ಕಡದ ಅಟ್ಟೆಗೆ ಕೆಮ್ಮಣ್ಣು ಹಸಿಹಸಿಯಾಗಿ ಮೆತ್ತಿಕೊಂಡಿತ್ತು. ಹಿಮ್ಮಡಿ ಸವೆದಿತ್ತು, ಎಡಗಡೆಯದು ಹೆಚ್ಚು. ಎಡಗಾಲಿಗೆ ಭಾರ ಹಾಕಿ ನಡೆಯುವ ಮನುಷ್ಯ ಎಂದು ನನಗೆ ಗೊತ್ತಾದದ್ದು ಹಾಗೆ. ಅಕ್ಕನೇ ಅದನ್ನು ಮೆಟ್ಟಿಕೊಂಡು ಹೊಲಕ್ಕೆ ಹೋಗಿರಬಹುದು. ಹಾಗೆಂದು ನಮ್ಮ ಮನೆಯವರು ಹೇಳಿದರು. ಆದರೆ ಅಕ್ಕ ಎರಡು ಕಾಲಿಗೂ ಸಮನಾಗಿ ಭಾರ ಹಾಕಿ ನಡೆಯುವವರು.

ಯುದ್ಧ ಮುಗಿದು ಒಂದು ಬೆಳೆ ಕಳೆದಿತ್ತು. ಸುಗ್ಗಿಯ ಕಾಲ, ಬೀದಿಯವರೆಲ್ಲ ಕಣದಲ್ಲಿದ್ದರು. ನಡುಮಧ್ಯಾಹ್ನ ಖಾಕಿ ಚಡ್ಡಿ, ಬೂಟು ಹಾಕಿಕೊಂಡ ಒಬ್ಬ ಮನುಷ್ಯ ಬಂದು ನಮ್ಮ ಜಗಲಿಯ ಮೇಲೆ ಕೂತ. ಕಣ್ಣು ಹಳದಿ, ತಲೆಯಲ್ಲಿ ಕೂದಲಿಲ್ಲ, ತೋಳು ರಾಗಿ ಕಡ್ಡಿಯಂತೆ. ನೀರು ಕೇಳಿದ. ಚೊಂಬಿನಲ್ಲಿ ಕೊಟ್ಟೆ. ಕುಡಿಯದೆ ಎದುರುಮನೆಯ ಬಾಗಿಲನ್ನೇ ನೋಡುತ್ತಿದ್ದ.

"ತಾಯಿ, ಆ ಮನೇಲಿ ಯಾರವ್ರೆ?"

"ಗೌಡರು."

"ಯಾವ ಗೌಡರು?"

"ಆ ಮನೆ ಯಜಮಾನರು. ಊಟ ಮಾಡಿ ಮಲಗಿರ್ತಾರೆ ಈಗ. ಅವರ ಹತ್ರ ಕೆಲಸ ಇತ್ತಾ?"

ಇಲ್ಲದ್ದನ್ನು ಹೇಳುತ್ತಿದ್ದೇನೆ ಎಂದು ನನಗೆ ಹೊಳೆಯಲೇ ಇಲ್ಲ. ಬಾಯಿಗೆ ಬಂದದ್ದು ಅದೇ. ಆ ಮನುಷ್ಯ ಚೊಂಬು ಹಿಡಿದುಕೊಂಡೇ ಬಾಗಿಲ ಹೊರಗಿನ ಎಕ್ಕಡ ನೋಡಿದ.

ಅಷ್ಟರಲ್ಲಿ ಎದುರುಮನೆಯ ಒಳಗಿನಿಂದ ಕೆಮ್ಮು ಕೇಳಿಸಿತು. ಎರಡು ಸಲ ಒಣಕೆಮ್ಮು, ಆಮೇಲೊಂದು ಉದ್ದನೆಯದು. ನನಗಂತೂ ಕೇಳಿಸಿತು. ಆತನಿಗೂ ಕೇಳಿಸಿತು, ಯಾಕೆಂದರೆ ಚೊಂಬು ಅವನ ಕೈಯಿಂದ ಜಾರಿ ಬಿತ್ತು.

ಕಣದಿಂದ ಹುಲ್ಲಿನ ಗಾಡಿ ಹೊಡೆದುಕೊಂಡು ಬಂದ ಅಕ್ಕನ ಭಾವ ಜಗಲಿಯ ಮುಂದೆ ಎತ್ತು ನಿಲ್ಲಿಸಿದರು. ಒಂದು ಗಳಿಗೆ ನೋಡಿದರು. ಗಾಡಿಯಿಂದ ಇಳಿದರೋ ಬಿದ್ದರೋ ಗೊತ್ತಿಲ್ಲ, ಬಂದು ಆ ಮನುಷ್ಯನನ್ನು ತಬ್ಬಿಕೊಂಡು "ಲೇ ತಮ್ಮಾ, ಲೇ ತಮ್ಮಾ" ಎಂದು ಊರಿಗೆಲ್ಲ ಕೇಳುವಂತೆ ಅತ್ತರು. ಬೀದಿ ತುಂಬಿತು. ಸದ್ದು ಕೇಳಿ ಅಕ್ಕ ಹೊರಗೆ ಬಂದರು.

ಹೊಸ್ತಿಲಲ್ಲಿ ನಿಂತು ಆತನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಮುಂಗೈಯಿಂದ ತುಟಿ ಒರೆಸಿಕೊಂಡರು.

"ಬಂದ್ರಾ. ಕೂತ್ಕೊಳ್ಳಿ, ಮಜ್ಜಿಗೆ ತರ್ತೀನಿ" ಎಂದರು. ಆಮೇಲೆ ದನಿ ತಗ್ಗಿಸಿ, "ಒಳಗೆ ಇವರು ಮಲ್ಗವ್ರೆ. ಮೆತ್ತಗೆ ಮಾತಾಡ್ಲಿ ಎಲ್ರೂ."

ನಾಚಿಕೆಯ ಮಾತೆಂದರೆ, ಎಲ್ಲರೂ ಮೆತ್ತಗಾದರು. ಅಳುತ್ತಿದ್ದ ಭಾವ ಕೂಡ ವಲ್ಲಿಯನ್ನು ಬಾಯಿಗೆ ಒತ್ತಿಕೊಂಡರು.

ಬಂದವರು ಅಣ್ಣನ ಮನೆಯಲ್ಲಿ ಉಳಿದರು. ಆ ದಿನಗಳಲ್ಲಿ ಬೀದಿಯಲ್ಲಿ ಯಾರಿಗೂ ಆತನ ಎದುರು ನಿಲ್ಲಲು ಆಗುತ್ತಿರಲಿಲ್ಲ. ಗುರುತು ಸಿಗದೆ ಅಲ್ಲ. ಮಚ್ಚೆ, ಹುಬ್ಬಿನ ಗಾಯ ಎಲ್ಲ ಅದೇ. ಆದರೂ ಮುದುಕಿಯರು ಆತನ ಪಾದ ಮುಂದಕ್ಕಿದೆಯೋ ಹಿಂದಕ್ಕಿದೆಯೋ ಎಂದು ನೋಡಿದರು. ಅದು ತಿಳಿದು ಅವರೇ ಅಣ್ಣನ ಜಗಲಿಯ ಮೇಲೆ ಕೂತು ಬೂಟು ಬಿಚ್ಚಿ, ಹುಣ್ಣಾದ ಕಾಲುಗಳನ್ನು ಬಿಸಿಲಿಗೆ ಚಾಚಿದರು. "ನೋಡ್ಕಳಿ" ಎಂದರು. ಹಜಾಮರವನು ಕ್ಷೌರ ಮಾಡಲು ಹೋಗಲಿಲ್ಲ. ಅಷ್ಟು ವರ್ಷ ಖಾಲಿ ಬಾಗಿಲಲ್ಲಿ ನಿಂತು ಕೇಳಿದವನು, ಗಡ್ಡ ಬೆಳೆಸಿಕೊಂಡು ಕೂತವರ ಮುಂದೆ ತಲೆ ತಗ್ಗಿಸಿ ಹೋದ. ನಮ್ಮ ಮನೆಯವರ ಹತ್ತಿರ ಮಾತ್ರ ಬಂದವರು ಮನಸ್ಸು ಬಿಚ್ಚಿ ಮಾತಾಡಿದರು.

"ಸೆರೆಯಲ್ಲಿದ್ದಾಗ ಜೊತೆಯವ್ರು ದಿನಾ ಸಾಯೋರು ಸ್ವಾಮಿ. ನಾನು ಮಾತ್ರ ನಮ್ಮನೆಗೆ ಹೋಗಿ ಮಲ್ಗಿದೀನಿ ಅಂದ್ಕೊಂಡು ಕಣ್ಮುಚ್ಚೋನು. ಅವತ್ತು ನಿಮ್ ಜಗಲಿ ಮ್ಯಾಲೆ ಕೇಳಿಸ್ತಲ್ಲ ಕೆಮ್ಮು, ಅದು ನಂದು. ಮಿಲಿಟರಿಗೆ ಹೋಗಾಕೆ ಮುಂಚೆ ನಂಗಿದ್ದ ಕೆಮ್ಮು."

ಅಕ್ಕ ದಿನಾ ಎರಡು ಹೊತ್ತು ಭಾವನ ಮನೆಗೆ ಊಟ ಕಳಿಸುತ್ತಿದ್ದರು. ಹುಣ್ಣಿಗೆ ಹಚ್ಚಲು ಎಣ್ಣೆ ಕಾಯಿಸಿ ಕಳಿಸುತ್ತಿದ್ದರು. ಆದರೆ ಎಕ್ಕಡ ಬಾಗಿಲಲ್ಲೇ ಇತ್ತು, ತುದಿ ಮನೆಯ ಕಡೆಗೆ. ನಾನು ತಡೆಯಲಾರದೆ ಒಂದು ಬೆಳಿಗ್ಗೆ ಅವರ ಹಿತ್ತಿಲಿಗೆ ಹೋದೆ. ಅಕ್ಕ ರಾಗಿ ಕೇರುತ್ತಿದ್ದರು.

"ಅಕ್ಕಾ, ಬಂದಿರೋರು ಯಾರು ಅಂತ ನಿಮಗೆ ಗೊತ್ತಾಗ್ತಿಲ್ವಾ?"

ಮೊರ ನಿಂತಿತು. "ಅವರೇ ಬಂದಿರೋದು ಮೇಷ್ಟ್ರಮ್ಮ. ಕಟ್ಕಂಡೋಳಿಗೆ ಗೊತ್ತಾಗಕಿಲ್ವಾ?"

"ಮತ್ತೆ?"

"ಮತ್ತೆ ಇವರನ್ನ ಏನ್ ಮಾಡ್ಲಿ?" ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಕುಂಕುಮದ ತಟ್ಟೆ ನನ್ನ ದಾಟ್ಕಂಡ್ ಹೋದ್ ದಿನ ಯಾರಿದ್ರು ನಂಗೆ? ಆವತ್ತಿಂದ ಜೊತೇಲವ್ರೆ. ನನ್ ಮಾನ ಕಾದವ್ರೆ. ಈಗ ಅವರು ಬಂದ್ರು ಅಂತ ಇವರನ್ನ ಹೊರಕ್ ದಬ್ಬಕ್ಕಾಗ್ತದಾ?"

ಕೇಳಿದ ಮಾತನ್ನು ಊಟದ ಹೊತ್ತಿಗೆ ನಮ್ಮ ಮನೆಯವರಿಗೆ ಹೇಳಿದೆ. ಅವರು ಸಂಜೆ ಹೋಗಿ ಆ ಗೌಡರಿಗೆ ಹೇಳಿದರು.

ಮಾರನೆಯ ದಿನ ಗೌಡರು ಬರಿಗಾಲಿನಲ್ಲಿ ಬಂದರು. ಬೀದಿಯೆಲ್ಲ ಬಾಗಿಲ ಸಂದಿಯಿಂದ ನೋಡುತ್ತಿತ್ತು. ನೇರ ತಮ್ಮ ಮನೆಯ ಮುಂದೆ ಹೋಗಿ, ಎಕ್ಕಡದ ಎದುರಿಗೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು. ಹಿರಿಯರ ಹತ್ತಿರ ಮಾತಾಡುವಂತೆ ಎರಡು ಕೈ ಕೂಡಿಸಿಕೊಂಡಿದ್ದರು.

"ಅಣ್ಣಾ" ಎಂದರು. "ನಾನಿಲ್ದಾಗ ಮನೆ ನೋಡ್ಕಂಡಿದೀಯ. ಹೆಂಡ್ರುನ್ನ ನೋಡ್ಕಂಡಿದೀಯ. ನಿನ್ ಋಣ ನಂಗೆ ತೀರ್ಸಾಕಾಗಲ್ಲ. ನಾನಿದ್ದ ಜಾಗಕ್ಕೆ ನೀನು ಹೋಗು ಅನ್ನಾಕಿಲ್ಲ, ಅದು ಕೆಟ್ಟ ಜಾಗ, ಶತ್ರುಗೂ ಬ್ಯಾಡ. ಬ್ಯಾರೆ ಎಲ್ಲಿಗಾರಾ ಹೋಗು. ನಂಗೂ ಸಾಕಾಗದೆ. ಒಳಕ್ ಬರ್ಬೇಕು."

ಆಮೇಲೆ ಬಾಗಿಲ ಮರೆಯಿಂದ ಅಕ್ಕನ ದನಿ ಬಂತು.

"ಬುತ್ತಿ ಕಟ್ಟಿಕೊಡ್ತೀನಿ. ನಾಳೆ ಹೊತ್ತುಟ್ಟಿದ್ ಮ್ಯಾಲೆ ಹೊರಡ್ತಾರಂತೆ."

ಬೆಳಿಗ್ಗೆ ನಾನು ಬಾಗಿಲು ತೆಗೆದರೆ ಎಕ್ಕಡದ ತುದಿ ಬೀದಿಯ ಕಡೆ ತಿರುಗಿತ್ತು. ಯಾರೂ ಯಾರನ್ನೂ ಕರೆದಿರಲಿಲ್ಲ, ಆದರೆ ಬೀದಿಯವರೆಲ್ಲ ಬಂದು ನಿಂತಿದ್ದರು. ಗೌಡರು ಎಕ್ಕಡವನ್ನು ಎರಡು ಕೈಯಲ್ಲಿ ಎತ್ತಿಕೊಂಡರು. ಅಕ್ಕ ಬುತ್ತಿಯ ಗಂಟು ಹಿಡಿದು ಪಕ್ಕದಲ್ಲಿ ನಡೆದರು. ಹಿಂದೆ ಭಾವ, ಪಕ್ಕದ ಮನೆ ಅಜ್ಜಿ, ಹಜಾಮರವನು, ಮಗುವನ್ನು ಎತ್ತಿಕೊಂಡ ನಾನು. ವಿದ್ಯಾವಂತರಾದ ನಮ್ಮ ಮನೆಯವರು ಶಾಲೆಗೆ ಹೊತ್ತಾಯಿತು ಎನ್ನುತ್ತಲೇ ಕೊನೆಯಲ್ಲಿ ಬಂದರು. ಹೊಸಕೋಟೆಯ ದಾರಿ ಶುರುವಾಗುವಲ್ಲಿ ಒಂದು ಗುಂಡುತೋಪು. ದೂರ ಹೋಗುವವರನ್ನು ಅಲ್ಲಿಯವರೆಗೆ ಕಳಿಸಿ ಬರುವುದು ಆ ಊರಿನ ಪದ್ಧತಿ.

ಗೌಡರು ಎಕ್ಕಡವನ್ನು ದಾರಿಗೆ ಮುಖ ಮಾಡಿ ಇಟ್ಟರು. ಅಕ್ಕ ಪಕ್ಕದಲ್ಲಿ ಬುತ್ತಿ ಇಟ್ಟು, ನೆಲಕ್ಕೆ ತಲೆ ತಾಗಿಸಿ ನಮಸ್ಕಾರ ಮಾಡಿದರು. ಯಾರೋ ಬಿಕ್ಕಿದರು. ಆಮೇಲೆ ತೋಪಿನಲ್ಲಿ ಅಳದ ಹೆಂಗಸು ಇರಲಿಲ್ಲ. ಭಾವ ಎಕ್ಕಡದ ಕಡೆ ನೋಡಿ "ಹುಷಾರಾಗಿ ಹೋಗ್ಬಾ" ಎಂದರು. ತಮ್ಮ ಅವರ ಪಕ್ಕದಲ್ಲೇ ನಿಂತಿದ್ದರೂ ಆ ಮಾತು ತಮ್ಮನಿಗೆ ಹೇಳಿದ್ದಲ್ಲ.

ತಿರುಗಿ ನೋಡದೆ ಬಂದೆವು. ಸಂಜೆ ದನ ಮೇಯಿಸಿಕೊಂಡು ಬಂದವರು ತೋಪಿನಲ್ಲಿ ಏನೂ ಇಲ್ಲ ಎಂದರು. ಯಾರೋ ದಾರಿಹೋಕ ಬುತ್ತಿ ಉಂಡು ಎಕ್ಕಡ ಮೆಟ್ಟಿಕೊಂಡು ಹೋಗಿರಬೇಕು ಎಂದರು ನಮ್ಮ ಮನೆಯವರು. ಇರಬಹುದು.

ಆ ಸಂಜೆ ಅಕ್ಕ ಆರತಿ ಎತ್ತಿ ಗೌಡರನ್ನು ಒಳಗೆ ಕರೆದುಕೊಂಡರು. ಎದುರುಮನೆಯ ಕೆಮ್ಮು ಮತ್ತೆ ನನ್ನ ಕಿವಿಗೆ ಬೀಳಲಿಲ್ಲ. ಗೌಡರ ಮೈ ತುಂಬಿಕೊಂಡಿತು, ತಲೆಯಲ್ಲಿ ಕೂದಲು ಬಂತು, ಹೊಲದಲ್ಲಿ ಅಕ್ಕನ ಜೊತೆ ಜಗಳವಾಡುವಷ್ಟು ಗಟ್ಟಿಯಾದರು. ನಾವಿರುವವರೆಗೂ ಅವರು ಬರಿಗಾಲಿನಲ್ಲೇ ಓಡಾಡುತ್ತಿದ್ದರು. ಮುಂದಿನ ವರ್ಷ ಅವರಿಗೊಂದು ಹೆಣ್ಣುಮಗುವಾಯಿತು. ಅದೇ ವರ್ಷ ನಮಗೆ ನೆಲಮಂಗಲಕ್ಕೆ ವರ್ಗವಾಯಿತು.

ಆ ಮಗುವಿನ ಮದುವೆಗೆ ಕರೆಯಲು ಅಕ್ಕ ನೆಲಮಂಗಲಕ್ಕೆ ಬಂದಿದ್ದರು. ಕೂದಲು ಬೆಳ್ಳಗಾಗಿತ್ತು, ಅಂಗೈ ಅಷ್ಟೇ ದೊಡ್ಡದು. ಊಟವಾದ ಮೇಲೆ ಇಬ್ಬರೇ ಕೂತಿದ್ದಾಗ ಅಷ್ಟು ವರ್ಷದಿಂದ ನುಂಗಿಕೊಂಡಿದ್ದನ್ನು ಕೇಳಿಬಿಟ್ಟೆ.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಆಗ ನಿಮ್ಮ ಮನೆ ಒಳಗೆ ನಿಜವಾಗ್ಲೂ ಯಾರಾದ್ರೂ ಇದ್ರಾ?"

ಅಕ್ಕ ಎಲೆಗೆ ಸುಣ್ಣ ಸವರುತ್ತಿದ್ದರು. ಕೋಪ ಬರಲಿಲ್ಲ, ನಗಲೂ ಇಲ್ಲ.

"ತೋಪಲ್ಲಿ ನೀನು ಮಗೂನ ಎದೆಗವಚ್ಕಂಡು ಬಿಕ್ಕಿ ಬಿಕ್ಕಿ ಅತ್ಯಲ್ಲ ಮೇಷ್ಟ್ರಮ್ಮ. ನಾನೇ ಅಷ್ಟು ಅಳ್ಲಿಲ್ಲ" ಎಂದರು. "ಯಾರಿಗೋಸ್ಕರ ಅತ್ತೆ?"

ಹಾಲು ಉಕ್ಕುತ್ತಿದೆ ಎಂದು ಹೇಳಿ ಅಡಿಗೆಮನೆಗೆ ಎದ್ದುಹೋದೆ. ಒಲೆಯ ಮೇಲೆ ಹಾಲು ಇಟ್ಟಿರಲಿಲ್ಲ.